ಎಳೆ ಅಡಿಕೆಗೆ ಎರಡು ಕಂಟಕ: ಸುಳಿಕೊಳೆ ಮತ್ತು ಚಳಿಗಾಲದ ಬಿಸಿಲು

ನಮ್ಮದು ಚನ್ನಗಿರಿ ತಾಲೂಕಿನಲ್ಲಿ ಸೂಳೆಕೆರೆ ಆಸುಪಾಸಿನ ಒಂದು ಹಳ್ಳಿ. ಅಪ್ಪನ ಕಾಲದಿಂದ ಭತ್ತದ ಗದ್ದೆ. ಬೇಸಿಗೆ ಬೆಳೆಗೆ ನೀರಿನ ಖಾತ್ರಿ ಇಲ್ಲ, ಕೂಲಿ ಏರಿತು, ಸುತ್ತ ಮುತ್ತ ಎಲ್ಲರೂ ಅಡಿಕೆ ಇಟ್ಟರು. ನಾನೂ 2017ರ ಜೂನ್‌ನಲ್ಲಿ ಒಂದು ಎಕರೆ ಗದ್ದೆಯಲ್ಲಿ 520 ಸಸಿ ಹಾಕಿಸಿದೆ. ಅಂದು ಅಮ್ಮ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅನ್ನ ಕೊಡೋ ಗದ್ದೆ ತೆಗೆದು ಗಿಡ ಇಟ್ಟಿದೀಯ. ಇನ್ನು ಗಿಡ ಉಳಿಸ್ಕೊಳ್ಳೋದು ನಿನ್ನ ತಲೆಮೇಲೆ.”

ಉಳಿಸಿಕೊಳ್ಳುವುದನ್ನು ಕಲಿಯಲು ಐದು ವರ್ಷ ಹಿಡಿಯಿತು. ಆ ಕಲಿಕೆಗೆ ತೆತ್ತ ಬೆಲೆ 34 ಗಿಡ ಸುಳಿಕೊಳೆಗೆ, 19 ಗಿಡ ಚಳಿಗಾಲದ ಬಿಸಿಲಿಗೆ. ಈ ಎರಡು ತೊಂದರೆ ಬೇರೆ ಬೇರೆ ಅಂತ ಮೊದಲು ತಿಳಿದಿದ್ದೆ. ಒಂದರ ಹಿಂದೆ ಇನ್ನೊಂದು ಬರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಹೊಸದಾಗಿ ತೋಟ ಎಬ್ಬಿಸುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು

ಗದ್ದೆ ಮಣ್ಣು ಜಿಗುಟು. ಅಂಥ ಮಣ್ಣಿನಲ್ಲಿ ಮಳೆಯ ಜೋರು ಕಡಿಮೆಯಾದ ಮೇಲೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸಸಿ ನೆಡಬೇಕು. ನೀರು ಬಸಿಯುವ ನೆಲಕ್ಕೆ ಮೇ-ಜೂನ್ ಸರಿ. ನಾನು ಜೂನ್‌ನಲ್ಲೇ ನೆಟ್ಟೆ. ಗುಂಡಿಯ ಲೆಕ್ಕವೂ ಹಾಗೇ. ಬಸಿಯುವ ಮಣ್ಣಿಗೆ ಮೂರಡಿ ಆಳ ಹೇಳುತ್ತಾರೆ, ಜಿಗುಟು ಮಣ್ಣಿಗೆ ಎರಡಡಿ ಸಾಕು. ನಾನು ಮೂರಡಿ ತೆಗೆಸಿದೆ. ಮಳೆ ಬಂದಾಗ ಪ್ರತಿ ಗುಂಡಿಯೂ ಒಂದೊಂದು ಬಾವಿ.

ಇನ್ನು ಬಸಿಗಾಲುವೆ. “ಕಾಲುವೆ ತೆಗೆದ್ರೆ ಒಂದು ಸಾಲು ಗಿಡದ ಜಾಗ ಹೋಗುತ್ತೆ” ಅಂತ ತಮ್ಮ ಅಡ್ಡ ಬಂದ. ನನಗೂ ಆಸೆ, ಸುಮ್ಮನಾದೆ. ಪಕ್ಕದ ಗದ್ದೆಯಲ್ಲಿ ಭತ್ತ. ಅಲ್ಲಿ ನಿಲ್ಲಿಸಿದ ನೀರೆಲ್ಲ ಒಳಗಿಂದೊಳಗೆ ನಮ್ಮ ತೋಟಕ್ಕೆ ಬಸಿದು ಬರುತ್ತಿತ್ತು. ಅದರ ಮೇಲೆ ನಾಲೆ ನೀರು ಬಂದಾಗಲೆಲ್ಲ “ಬಂದಿದೆಯಲ್ಲ” ಅಂತ ನಾನೂ ಬಿಡುತ್ತಿದ್ದೆ.

ಸುಳಿ ಕೈಗೆ ಬಂತು

2019ರ ಮಳೆಗಾಲ ಜೋರಾಗಿತ್ತು. ಅಕ್ಟೋಬರ್‌ನಲ್ಲಿ ಒಂದು ದಿನ ನೋಡಿದರೆ ಕೆಲವು ಗಿಡದ ನಡುವಿನ ಸುಳಿ ಮಾತ್ರ ಹಳದಿ. ಸುತ್ತಲಿನ ಗರಿ ಹಸಿರಾಗೇ ಇವೆ. ಗೊಬ್ಬರ ಸಾಲದೆ ಹೀಗಾಗಿದೆ ಅಂತ ಯೂರಿಯಾ ಕೊಟ್ಟೆ. ಹದಿನೈದು ದಿನದಲ್ಲಿ ಸುಳಿ ಕಂದು ಬಣ್ಣಕ್ಕೆ ತಿರುಗಿತು. ಹೊನ್ನಾಳಿಯಿಂದ ಭಾವ (ಅಕ್ಕನ ಗಂಡ) ಬಂದಿದ್ದವರು ಒಂದು ಸುಳಿ ಹಿಡಿದು ಮೆಲ್ಲಗೆ ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೆ ಬಂತು. ಬುಡ ಲೋಳೆ ಲೋಳೆ, ಮೂಗು ಬಿಡಲಾರದಷ್ಟು ನಾತ.

“ಇದು ಸುಳಿಕೊಳೆ ಕಣೋ ತಮ್ಮಾ. ಗೊಬ್ಬರ ಯಾಕೆ ಸುರಿದೆ?” ಅಂದರು.

“ಹಳದಿ ಆಯ್ತಲ್ಲ ಭಾವ, ಅದಕ್ಕೆ.”

“ಹಳದಿ ಆಗಿದ್ದು ಎಲ್ಲಿ ಅಂತ ನೋಡ್ಬೇಕಪ್ಪಾ. ಗೊಬ್ಬರ ಸಾಲದಿದ್ರೆ ಕೆಳಗಿನ ಹಳೇ ಗರಿ ಮೊದಲು ಹಳದಿ ಆಗುತ್ತೆ. ಇಲ್ಲಿ ನಡುವೆನೇ ಹೋಗಿದೆ.”

ಅವತ್ತು ಎಣಿಸಿದಾಗ 61 ಗಿಡಕ್ಕೆ ತಗುಲಿತ್ತು. ಅಡಿಕೆಗೆ ಬೆಳೆಯುವ ಜಾಗ ಒಂದೇ, ಆ ಸುಳಿಯ ಬುಡದ ಮೊಗ್ಗು. ಮಾವು, ಹಲಸಿನ ಹಾಗೆ ಪಕ್ಕದಿಂದ ಚಿಗುರುವುದಿಲ್ಲ. ಮೊಗ್ಗು ಸತ್ತರೆ ಗಿಡ ಸತ್ತ ಹಾಗೆ, ಗರಿ ಇನ್ನೂ ಒಂದೆರಡು ತಿಂಗಳು ಹಸಿರಾಗಿ ಕಂಡರೂ ಸರಿ.

ಇದು ಎಲ್ಲಿಂದ ಬರುತ್ತದೆ?

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗ ಎಲ್ಲರಿಗೂ ಗೊತ್ತು. ಆ ಕೊಳೆಯ ಶಿಲೀಂಧ್ರ ಫೈಟಾಫ್ತೊರಾ. ಸುಳಿಗೆ ಬರುವುದೂ ಅದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮವರಿಗೆ ತೋರಿಸಿಕೊಟ್ಟರು. ಬೋರ್ಡೋ ಅನ್ನುವುದು ಫ್ರಾನ್ಸಿನ ಊರು. 1885ರ ಸುಮಾರಿಗೆ ಅಲ್ಲಿನ ದ್ರಾಕ್ಷಿ ತೋಟದಲ್ಲಿ ಈ ಮದ್ದು ಹುಟ್ಟಿದ್ದು.

ಈ ಶಿಲೀಂಧ್ರದ ಬೀಜಾಣು ನೀರಿನಲ್ಲಿ ಈಜುತ್ತದೆ. ಸುಳಿಯ ಸಂದಿಯಲ್ಲಿ ನಿಂತ ಒಂದು ಹನಿ ಅದಕ್ಕೆ ಸಾಕು. ಆದ್ದರಿಂದ ಮಳೆಗಾಲದಲ್ಲಿ ಶುರುವಾಗಿ, ಆಮೇಲಿನ ಚಳಿಯಲ್ಲಿ ಇಬ್ಬನಿ ಬೀಳುವವರೆಗೂ ಮುಂದುವರಿಯುತ್ತದೆ. ನೀರು ನಿಂತ ತೋಟದಲ್ಲಿ ಗಾಳಿಯೂ ತೇವ, ಬೇರಿಗೂ ಉಸಿರಿಲ್ಲ. ರೋಗಕ್ಕೆ ಹಬ್ಬ.

ಒಂದು ಎಚ್ಚರಿಕೆ. ಸುಳಿ ಕೆಟ್ಟದ್ದೆಲ್ಲ ಕೊಳೆ ಅಲ್ಲ. ಸುಳಿ ತಿಗಣೆ ರಸ ಹೀರಿದರೆ ಸುಳಿ ಗರಿಯ ಮೇಲೆ ಕಂದು ಗೀರು, ಕಲೆ ಬೀಳುತ್ತವೆ, ಬಿಚ್ಚಿಕೊಂಡ ಗರಿ ಹರಿದು ಸೊಟ್ಟಗಾಗಿರುತ್ತದೆ. ಆದರೆ ಎಳೆದರೆ ಸುಳಿ ಬರುವುದಿಲ್ಲ, ನಾತವೂ ಇಲ್ಲ. ಹಿಂದೆ ಅದಕ್ಕೆ ಫೋರೇಟ್ ಹರಳಿನ ಪೊಟ್ಟಣ ಕಟ್ಟುತ್ತಿದ್ದರು. ಕೇಂದ್ರ ಸರಕಾರದ 2018ರ ಆದೇಶದಂತೆ 2020ರ ಕೊನೆಗೆ ಫೋರೇಟ್ ಬಳಕೆ ನಿಷೇಧವಾಗಿದೆ. ಹಳೇ ದಾಸ್ತಾನು ಯಾರಾದರೂ ಕೊಟ್ಟರೂ ತರಬೇಡಿ.

ನಾವು ಮಾಡಿದ ಚಿಕಿತ್ಸೆ

1. ಕೊಳೆತ ಸುಳಿ ಎಳೆದು ತೆಗೆದು, ಹರಿತವಾದ ಸಣ್ಣ ಕತ್ತಿಯಿಂದ ಒಳಗಿನ ಲೋಳೆ ಭಾಗವನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಕೆತ್ತಿದೆವು. ಕೆತ್ತಿದ್ದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಗೆ ಒಯ್ದು ಸುಟ್ಟೆವು. ಬುಡದಲ್ಲೇ ಎಸೆದರೆ ರೋಗ ಬಿತ್ತಿದ ಹಾಗೆ.

2. ಕೆತ್ತಿದ ಜಾಗಕ್ಕೆ ಶೇ. 10ರ ಬೋರ್ಡೋ ಮುಲಾಮು. 100 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು ಅರ್ಧ ಲೀಟರಿನಲ್ಲಿ ಕರಗಿಸಿ, ಎರಡನ್ನೂ ಕೂಡಿಸಿದರೆ ಒಂದು ಲೀಟರ್ ಮುಲಾಮು. ಕುಂಚದಿಂದ ಹಚ್ಚಿದೆವು.

3. ಮಳೆ ನೀರು ಒಳಗಿಳಿಯದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಮುಚ್ಚಿ ಕಟ್ಟಿದೆವು. ಹೊಸ ಸುಳಿ ಮೇಲೆದ್ದ ಕೂಡಲೇ ಬಿಚ್ಚಿದೆವು.

4. ಸುತ್ತಲಿನ ಒಳ್ಳೆ ಗಿಡಗಳ ಸುಳಿಗೆ ಶೇ. 1ರ ಬೋರ್ಡೋ ದ್ರಾವಣ ಹೊಡೆದೆವು. 1 ಕಿಲೋ ಮೈಲುತುತ್ತು 50 ಲೀಟರಿಗೆ, 1 ಕಿಲೋ ಸುಣ್ಣ 50 ಲೀಟರಿಗೆ, ಕೂಡಿಸಿದರೆ 100 ಲೀಟರ್. ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು, ಕಬ್ಬಿಣ ಬೇಡ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಹದ ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ.

61ರಲ್ಲಿ 27 ಬದುಕಿದವು. ಬದುಕಿದ್ದೆಲ್ಲ ಸುಳಿ ಹಳದಿ ಇದ್ದಾಗಲೇ ಕೈಹಾಕಿದ ಗಿಡಗಳು. ಕಂದು ಬಣ್ಣಕ್ಕೆ ಬಂದು ಒಳ ಮೊಗ್ಗು ಕರಗಿದ್ದರಲ್ಲಿ ಒಂದೂ ಉಳಿಯಲಿಲ್ಲ. ಯೂರಿಯಾ ಕೊಟ್ಟು ಕಾದ ಹದಿನೈದು ದಿನ ನನಗೆ ಎಷ್ಟು ಗಿಡ ಕಳೆಯಿತು ಅಂತ ಇದರಿಂದ ಲೆಕ್ಕ ಹಾಕಿಕೊಳ್ಳಿ.

ಆ ಬೇಸಿಗೆಯಲ್ಲೇ ತಮ್ಮನೇ ಮುಂದೆ ನಿಂತು ಬಸಿಗಾಲುವೆ ತೆಗೆಸಿದ. ಎರಡು ಸಾಲಿಗೊಂದು, ಗುಂಡಿಯ ತಳಕ್ಕಿಂತ ಅರ್ಧ ಅಡಿಯಾದರೂ ಕೆಳಗೆ ಹೋಗಬೇಕು. ಮೇಲ್ಮೇಲೆ ಗೀರಿದ ಕಾಲುವೆಯಿಂದ ಪ್ರಯೋಜನ ಇಲ್ಲ. ಭತ್ತದ ಗದ್ದೆ ಬದಿಗೆ ಎಲ್ಲಕ್ಕಿಂತ ಆಳದ ಕಾಲುವೆ. ಆಮೇಲೆ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆ ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ ಬೋರ್ಡೋ ಹೊಡೆಯುತ್ತಿದ್ದೇವೆ. ಅಲ್ಲಿಂದ ಇಲ್ಲಿಯವರೆಗೆ ಸುಳಿಕೊಳೆಗೆ ಹೋದದ್ದು ಎರಡೇ ಗಿಡ.

ಎರಡನೇ ತಪ್ಪು: ಬಾಳೆ ಕಡಿದೆ

ಕೊಳೆಗೆ ಹೆದರಿ 2020ರಲ್ಲಿ ತೋಟದೊಳಗಿನ ಬಾಳೆಯನ್ನೆಲ್ಲ ಕಡಿಸಿ ಹಾಕಿದೆ. ಗಾಳಿ ಆಡಲಿ ಅನ್ನುವ ಲೆಕ್ಕ. ಸತ್ತ 34 ಗಿಡದ ಜಾಗವೂ ಬಯಲು, ಮರುನಾಟಿ ಮಾಡಿದ ಸಸಿ ಮೊಣಕಾಲೆತ್ತರ. 2022ರ ಜನವರಿಯಲ್ಲಿ ನೋಡಿದರೆ, ಆಗಷ್ಟೇ ಹಸಿರು ಕಾಂಡ ಬಿಟ್ಟಿದ್ದ ಮರಗಳ ಒಂದೇ ಮಗ್ಗುಲಲ್ಲಿ ಚಿನ್ನದ ಬಣ್ಣದ ಮಚ್ಚೆ. ಆಮೇಲೆ ಅದು ಕಂದಾಯಿತು, ಉದ್ದಕ್ಕೆ ಸೀಳಿತು. ಮುಂದಿನ ಗಾಳಿ ಮಳೆಗೆ ಕೆಲವು ಅದೇ ಜಾಗದಲ್ಲಿ ಮುರಿದು ಬಿದ್ದವು.

ಮಗ್ಗುಲು ಯಾವುದು? ಎಲ್ಲ ಮರದಲ್ಲೂ ನೈಋತ್ಯ. ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಬಿಸಿಲು ನೈಋತ್ಯದಿಂದ ಓರೆಯಾಗಿ ಬಂದು ಕಾಂಡಕ್ಕೇ ಹೊಡೆಯುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಗರಿಗಳೇ ಕಾಂಡಕ್ಕೆ ಕೊಡೆ. ಚಳಿಗಾಲದಲ್ಲಿ ಆ ಕೊಡೆ ಇಲ್ಲ. “ಚಳಿಗಾಲದಲ್ಲಿ ಎಂಥ ಬಿಸಿಲು” ಅಂತ ನಾವು ಸುಮ್ಮನಿರುತ್ತೇವೆ, ಮರ ಸುಡುವುದು ಆಗಲೇ.

ಇನ್ನೊಂದು ಸಂಗತಿ. ಸುಟ್ಟ 19 ಮರದಲ್ಲಿ 13ಕ್ಕೆ ನೈಋತ್ಯದ ಪಕ್ಕದಲ್ಲಿ ಸುಳಿಕೊಳೆಯಿಂದ ಸತ್ತ ಗಿಡದ ಖಾಲಿ ಜಾಗ ಇತ್ತು. ಒಂದು ಗಿಡ ಕೊಳೆತು ಸತ್ತರೆ ಅದು ತೆರೆದ ಕಿಂಡಿಯಿಂದ ಪಕ್ಕದ್ದು ಸುಡುತ್ತದೆ.

ತಡೆ ಹೇಗೆ?

ಸೋಗೆ ಕಟ್ಟುವುದು: ಮಳೆ ನಿಂತ ಮೇಲೆ, ನವೆಂಬರ್ ಮೊದಲ ವಾರದೊಳಗೆ ಒಣ ಅಡಿಕೆ ಸೋಗೆ ಅಥವಾ ಹಾಳೆಯನ್ನು ಕಾಂಡದ ನೈಋತ್ಯ ಮಗ್ಗುಲಿಗೆ ಬಾಳೆ ನಾರಿನಿಂದ ಕಟ್ಟಿ. ತಂತಿ ಬೇಡ. ಮಳೆಗಾಲಕ್ಕೆ ಮುಂಚೆ ಬಿಚ್ಚಿ.

ಸುಣ್ಣ ಬಳಿಯುವುದು: ಸೋಗೆ ಸಾಲದಿದ್ದರೆ ತೆಳು ಸುಣ್ಣ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು.

ಬಾಳೆ ಉಳಿಸುವುದು: ಮೊದಲ ನಾಲ್ಕೈದು ವರ್ಷ ಬಾಳೆ ಇರಲಿ. ಮಳೆಗಾಲದಲ್ಲಿ ಕಂದು ಸವರಿ, ಒಣ ಎಲೆ ತೆಗೆದು ಗಾಳಿ ಬಿಡಿ. ದೀಪಾವಳಿ ಮೇಲೆ ಬಾಳೆ ಮುಟ್ಟಬೇಡಿ. ಪೂರ್ತಿ ಕಡಿದದ್ದು ನನ್ನ ಅವಸರ.

ಸಾಲಿನ ದಿಕ್ಕು: ಇದು ಹೊಸದಾಗಿ ನೆಡುವವರಿಗೆ, ಖರ್ಚಿಲ್ಲದ ಉಪಾಯ. ಸಾಲನ್ನು ನೇರ ಉತ್ತರ-ದಕ್ಷಿಣಕ್ಕೆ ಹಿಡಿಯದೆ 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಬೇಕು. ಹಗ್ಗದ ಲೆಕ್ಕ ಹೀಗೆ: ಒಂದು ಗೂಟದಿಂದ ನೇರ ದಕ್ಷಿಣಕ್ಕೆ 10 ಅಡಿ ಅಳೆಯಿರಿ. ಅಲ್ಲಿಂದ ನೇರ ಪಶ್ಚಿಮಕ್ಕೆ 7 ಅಡಿ. ಆ ಜಾಗಕ್ಕೂ ಮೊದಲ ಗೂಟಕ್ಕೂ ಹಗ್ಗ ಎಳೆದರೆ ಅದೇ ಸಾಲಿನ ದಿಕ್ಕು. ಚಳಿಗಾಲದ ಮಧ್ಯಾಹ್ನ ಒಂದು ಮರದ ನೆರಳು ಹಿಂದಿನ ಮರದ ಕಾಂಡದ ಮೇಲೆ ಬೀಳುತ್ತದೆ. ಗಿಡದಿಂದ ಗಿಡಕ್ಕೆ 9 ಅಡಿ.

ನಾಲ್ಕು ತಾಲೂಕು, ನಾಲ್ಕು ಲೆಕ್ಕ

ಒಂದೇ ಜಿಲ್ಲೆಯಾದರೂ ಎಲ್ಲ ಕಡೆ ಒಂದೇ ಮದ್ದು ನಡೆಯದು. ನಮ್ಮ ಚನ್ನಗಿರಿ ನಾಲೆ ಬಯಲಿನಲ್ಲಿ ಮೊದಲ ಕೆಲಸ ಬಸಿಗಾಲುವೆ. ಹೊನ್ನಾಳಿಯಲ್ಲಿ ಭಾವನ ತೋಟ ತುಂಗಭದ್ರೆಗೆ ಹತ್ತಿರ. ಅವರು ಪ್ರತಿ ಅಕ್ಟೋಬರ್‌ನಲ್ಲಿ ವಾರಕ್ಕೊಮ್ಮೆ ಸಾಲು ಸಾಲು ನಡೆದು ಸುಳಿ ಮುಟ್ಟಿ ನೋಡುತ್ತಾರೆ. ಅದು ಬೋರ್ಡೋಗಿಂತ ದೊಡ್ಡ ಮದ್ದು ಅಂತ ಅವರ ಮಾತು. ನ್ಯಾಮತಿ ಕಡೆ ಮಲೆನಾಡಿನ ಅಂಚು, ಮಳೆ ಹೆಚ್ಚು. ಅಲ್ಲಿ ಮಳೆಗೆ ಮುಂಚಿನ ಸಿಂಪಡಣೆ ಒಂದು ದಿನವೂ ತಡ ಆಗಬಾರದು.

ಜಗಳೂರಿನಲ್ಲಿ ನನ್ನ ಸ್ನೇಹಿತರೊಬ್ಬರು ಬೋರು ನಂಬಿ ತೋಟ ಮಾಡಿದ್ದಾರೆ. ಅಲ್ಲಿ ಕೊಳೆ ಅಪರೂಪ, ಬಿಸಿಲೇ ಶತ್ರು. ಅವರು ದಕ್ಷಿಣ-ಪಶ್ಚಿಮ ಬದುವಿಗೆ ನುಗ್ಗೆ, ಅಗಸೆ ಎಬ್ಬಿಸಿ ಒಳಗೆ ಬಾಳೆ ಇಟ್ಟಿದ್ದಾರೆ. ಹೊಸಬರಿಗೆ ಅವರು ಹೇಳುವುದು ಒಂದೇ: ಮೊದಲು ನೀರಿನ ಲೆಕ್ಕ ಹಾಕಿ. ಹನಿ ನೀರಾವರಿಯಲ್ಲೂ ಬೆಳೆದ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 520 ಮರಕ್ಕೆ ದಿನಕ್ಕೆ ಎಂಟರಿಂದ ಹತ್ತು ಸಾವಿರ ಲೀಟರ್. ಏಪ್ರಿಲ್‌ನಲ್ಲಿ ನಿಮ್ಮ ಬೋರು ಅಷ್ಟು ಕೊಡುತ್ತದೆಯೇ? ಇಲ್ಲವೆಂದರೆ ಅಲ್ಲಿ ಅಡಿಕೆ ಇಡಬೇಡಿ, ಈರುಳ್ಳಿ, ಮೆಕ್ಕೆಜೋಳವೇ ವಾಸಿ.

ಚಳಿಗಾಲದಲ್ಲಿ ನೀರು ಕೊಡುವುದಕ್ಕೂ ಅಳತೆ ಇರಲಿ. ಹಾಯಿಸುವ ನೀರಾದರೆ ನವೆಂಬರ್-ಡಿಸೆಂಬರ್‌ನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ ಸಾಕು. ಜಿಗುಟು ಮಣ್ಣಾದರೆ ಬುಡದ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡಿ. ಉಂಡೆ ಆದರೆ ನಾಲೆಯಲ್ಲಿ ಎಷ್ಟು ನೀರು ಬಂದರೂ ತೂಬು ತೆರೆಯಬೇಡಿ.

ಈಗ ತೋಟ ಫಸಲಿಗೆ ಬಂದಿದೆ. ಸುಳಿಕೊಳೆ ಗೆದ್ದ ಆ 27 ಮರ ಉಳಿದವಕ್ಕಿಂತ ಒಂದು ವರ್ಷ ತಡವಾಗಿ ಹಿಂಗಾರ ಬಿಟ್ಟವು. ಅವುಗಳ ಬುಡದಲ್ಲಿ ಅಮ್ಮ ಈಗಲೂ ನಿಂತು ಮೇಲೆ ನೋಡುತ್ತಾಳೆ. ಹೋದ ಸಲ ಗೊನೆ ಇಳಿಸುವಾಗ “ಗದ್ದೆ ಹೋಗಿದ್ದಕ್ಕೆ ಬೇಜಾರಿಲ್ಲ ಬಿಡು, ಆದ್ರೆ ಹಿತ್ತಲ ಕಡೆ ಹತ್ತು ಗುಂಟೆ ಭತ್ತ ಇರ್ಲಿ” ಅಂದಳು. ಇಟ್ಟಿದ್ದೇವೆ. ನಡುವೆ ಆಳವಾದ ಬಸಿಗಾಲುವೆಯೂ ಇದೆ.