ಸಿಮ್ ಕಾರ್ಡಿನೊಳಗಿನ ಗಣಕಯಂತ್ರ

ಉಗುರಿನಷ್ಟಗಲದ ಸಿಮ್ ಕಾರ್ಡು ಕೇವಲ ಪ್ಲಾಸ್ಟಿಕ್ ತುಂಡಲ್ಲ; ಅದೊಂದು ಪುಟ್ಟ ಗಣಕಯಂತ್ರ. ಅದರ ಹೊಂಬಣ್ಣದ ಪಟ್ಟಿಯ ಅಡಿಯಲ್ಲಿರುವ ಚಿಪ್‌ನಲ್ಲಿ ಸಂಸ್ಕಾರಕವೂ ಸ್ಮೃತಿಕೋಶವೂ ಅಡಕವಾಗಿವೆ.

ರಹಸ್ಯ ರಕ್ಷಣೆಯೇ ಇದರ ಮುಖ್ಯ ಕಾರ್ಯ. ಪ್ರತಿ ಕಾರ್ಡಿನಲ್ಲಿಯೂ ಸಾಮಾನ್ಯವಾಗಿ 128 ಬಿಟ್‌ಗಳ ಗುಪ್ತ ಕೀಲಿಯೊಂದಿರುತ್ತದೆ. ಸೇವಾಸಂಸ್ಥೆಯ ದೃಢೀಕರಣ ಕೇಂದ್ರದಲ್ಲಿಯೂ ಅದೇ ಕೀಲಿ ಇರುತ್ತದೆ. ಜಾಲವು ಮೊದಲೇ ಊಹಿಸಲಾಗದ ಸಂಖ್ಯೆಯೊಂದನ್ನು ಕಳುಹಿಸಿದಾಗ, ಕಾರ್ಡು ಅದನ್ನು ಕೀಲಿಯೊಡನೆ ಬೆರೆಸಿ ಲೆಕ್ಕಹಾಕಿ ಉತ್ತರವನ್ನಷ್ಟೇ ನೀಡುತ್ತದೆ, ಕೀಲಿಯನ್ನು ಬಿಟ್ಟುಕೊಡುವುದಿಲ್ಲ. ಉತ್ತರಗಳು ತಾಳೆಯಾದರೆ ಮಾತ್ರ ಸಂಪರ್ಕ ದೊರೆಯುತ್ತದೆ.

ಆದರೆ ಲೆಕ್ಕದ ಕ್ರಮವೇ ದುರ್ಬಲವಾದರೆ ಈ ರಕ್ಷಣೆ ನಿಲ್ಲದು. 1998ರಲ್ಲಿ ಅಮೆರಿಕದ ಸಂಶೋಧಕರು ‘ಕಾಂಪ್128’ ಎಂಬ ಕ್ರಮದ ದೋಷದಿಂದ ಕೀಲಿಯನ್ನು ಪತ್ತೆಹಚ್ಚಿ, ಕಾರ್ಡಿನ ನಕಲು ಸಾಧ್ಯವೆಂದು ತೋರಿಸಿದರು. 2013ರಲ್ಲಿ ಜರ್ಮನಿಯ ಕಾರ್ಸ್ಟೆನ್ ನೋಲ್ ಅವರು, ಹಳೆಯ ಗೂಢಲಿಪಿಯನ್ನು ಬಳಸುವ ಕೆಲವು ಕಾರ್ಡುಗಳನ್ನು ಅಗೋಚರ ಸಂದೇಶದ ಮೂಲಕ ವಶಪಡಿಸಿಕೊಳ್ಳಬಹುದೆಂದು ನಿರೂಪಿಸಿದರು. ತರುವಾಯ ಬಲವಾದ ಕ್ರಮಗಳು ಹೆಚ್ಚು ಬಳಕೆಗೆ ಬಂದವು.

ಚಿಪ್‌ನ ಉಪಯೋಗ ದೂರವಾಣಿಗಷ್ಟೇ ಸೀಮಿತವಲ್ಲ. ಅಂಬಡ್ ಕೈಗಾರಿಕಾ ಪ್ರದೇಶವಿರುವ ನಾಸಿಕ ನಗರದಲ್ಲಿಯೇ ಭಾರತ ಭದ್ರತಾ ಮುದ್ರಣಾಲಯವಿದೆ. ಅಲ್ಲಿ ಸಿದ್ಧವಾಗುವ ಇ-ಪಾಸ್‌ಪೋರ್ಟಿನ ಚಿಪ್‌ನಲ್ಲಿರುವ ಮಾಹಿತಿಗೂ ಅಂಕೀಯ ಸಹಿಯ ರಕ್ಷಣೆಯುಂಟು.

ಇಂದು ವಂಚಕರು ಚಿಪ್ಪನ್ನು ಭೇದಿಸುವುದಕ್ಕಿಂತ, ಬೇರೊಬ್ಬರ ಹೆಸರಿನಲ್ಲಿ ಬದಲಿ ಸಿಮ್ ಪಡೆಯುವುದೇ ಹೆಚ್ಚು. ಆಗ ಬ್ಯಾಂಕಿನ ಓಟಿಪಿ ಅವರ ಕೈಸೇರುತ್ತದೆ. ಪಿನ್ ಸಂಖ್ಯೆಯ ಬೀಗ ಇದನ್ನು ತಡೆಯದಾದರೂ, ಕಾರ್ಡು ಕಳುವಾದಾಗ ದುರ್ಬಳಕೆಯಾಗದಂತೆ ಸಿಮ್‌ಗೆ ಅದನ್ನು ಹಾಕುವುದು ಒಳ್ಳೆಯದು. ಮೂರು ಬಾರಿ ತಪ್ಪು ಪಿನ್ ಒತ್ತಿದರೆ ಕಾರ್ಡು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಾರಣವಿಲ್ಲದೆ ಸಂಪರ್ಕ ಕಡಿದುಹೋದರೆ ಕೂಡಲೇ ಸೇವಾಸಂಸ್ಥೆಯನ್ನು ವಿಚಾರಿಸಬೇಕು. ಹಣ ವಂಚನೆಯಾದಲ್ಲಿ 1930 ಸಂಖ್ಯೆಗೆ ವಿಳಂಬವಿಲ್ಲದೆ ದೂರು ನೀಡಬೇಕು.