ಮಾರ್ಚಿ ತಿಂಗಳ ದುಡ್ಡು

ನಮ್ಮ ಕೊಳ್ಳೇಗಾಲದ ಕಡೆಯ ಮಹಿಳಾ ಸಂಘಗಳಿಗೆ ಹೊರಗಿನ ಸಣ್ಣಪುಟ್ಟ ಅನುದಾನ ಬಂದರೆ ಅದು ಬರುವುದು ಹೆಚ್ಚಾಗಿ ಮಾರ್ಚಿಯಲ್ಲಿ. 31ರೊಳಗೆ ಖರ್ಚಾಗಬೇಕು, ಬಿಲ್ಲು ಸೇರಬೇಕು, ಫೋಟೊ ಹೋಗಬೇಕು. ಹೊಲಕ್ಕೆ ಆ ಗಡುವು ಗೊತ್ತಿಲ್ಲ. ಸತ್ತೇಗಾಲದ ಕಾವೇರಿ ಬಯಲಿನಲ್ಲಿ ಭತ್ತ. ಹನೂರಿನ ಕಡೆ ಹೋದಂತೆ ಮಳೆ ನಂಬಿದ ರಾಗಿ, ಮುಸುಕಿನ ಜೋಳ. ಬಿತ್ತನೆ ಬೀಜಕ್ಕೆಂದು ಮಾರ್ಚಿಯಲ್ಲಿ ಹಣ ಕಳಿಸುವವರಿಗೆ ಆ ಹೊಲಗಳು ಆಗ ಬೋಳಾಗಿ ಬಿದ್ದಿರುವುದು ಕಾಣುವುದಿಲ್ಲ.

ಸಂಘಗಳ ಲೆಕ್ಕ ಬರೆಯುವ ನನಗೆ ದಾರಿ ತೋರಿಸಿದ್ದು ಒಬ್ಬ ಅಜ್ಜಿ. "ಬೀಜ ಬೀಜ ಅಂತ ಯಾಕವ್ವ ಒದ್ದಾಡ್ತೀ? ಈಗ ರಾಗಿ ಎಲ್ಲರ ಮನೇಲೂ ಅದ, ರೇಟೂ ಕಮ್ಮಿ ಅದ. ಅದ್ನೇ ಕೊಂಡು ಮಡಗು. ಆಷಾಢದಲ್ಲಿ ಬೇಕಾಯ್ತದ ಕನ" ಅಂದರು. ರಾಗಿಗೆ ಹುಳು ಹಿಡಿಯುವುದು ಅಪರೂಪ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಬೀಜದ ಹಣವನ್ನು ಧಾನ್ಯ ಸಂಗ್ರಹಕ್ಕೆ ಬದಲಿಸಿಕೊಡಿ ಎಂದು ಹಣ ಕಳಿಸಿದವರಿಗೆ ಪತ್ರ ಬರೆದೆವು, ಒಪ್ಪಿದರು. ಕೂಲಿ ಕಮ್ಮಿಯಾಗುವ ತಿಂಗಳುಗಳಲ್ಲಿ ರಾಗಿ ಸಾಲ, ಸುಗ್ಗಿಯಲ್ಲಿ ರಾಗಿಯಾಗಿಯೇ ವಾಪಸು, ಜೊತೆಗೆ ಸ್ವಲ್ಪ ಮೇಲಳತೆ. ಪಡಿತರದ ಅಕ್ಕಿ ಇದೆಯಲ್ಲ ಎಂದು ಕೇಳುವವರು ಉಂಟು. 2013ರಿಂದ ಅನ್ನಭಾಗ್ಯ ಬಹಳ ಮನೆಗಳ ಒಲೆ ಉರಿಸಿದೆ, ಸುಳ್ಳಲ್ಲ. ಆದರೆ ಹೊಲದಲ್ಲಿ ಬಗ್ಗುವವರಿಗೆ ಮಧ್ಯಾಹ್ನಕ್ಕೆ ಹಿಟ್ಟು ಬೇಕು.

ಈ ಧಾನ್ಯ ಸಂಗ್ರಹ ನಾವು ಕಂಡುಹಿಡಿದದ್ದೇನಲ್ಲ. ಬೀದರ್ ಗಡಿಯಾಚೆ, ತೆಲಂಗಾಣದ ಜಹೀರಾಬಾದಿನ ಸುತ್ತ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು 1990ರ ದಶಕದಲ್ಲೇ ಪಾಳು ಹೊಲಕ್ಕೆ ಸಾಲ ಕೊಟ್ಟು, ಅದನ್ನು ಜೋಳವಾಗಿ ಮರಳಿ ಪಡೆದು, ಊರಿನ ಬಡವರಿಗೆ ಅಗ್ಗಕ್ಕೆ ಹಂಚಿದರು. ಯಾರು ಬಡವರೆಂದು ಪಟ್ಟಿ ಮಾಡಿದವರೂ ಊರಿನವರೇ. ನನಗೆ ಹಿಡಿಸಿದ್ದು ಈ ಪಟ್ಟಿಯ ವಿಚಾರ. ನಮ್ಮಲ್ಲಿ ಅರ್ಜಿ ಎಂದರೆ ಮೊದಲು ಪಹಣಿ ಕೇಳುತ್ತಾರೆ. ಇನ್ನೊಬ್ಬರ ಹೊಲವನ್ನು ವಾರಕ್ಕೆ ಮಾಡುವವಳ ಹೆಸರಿನಲ್ಲಿ ಪಹಣಿ ಎಲ್ಲಿಂದ ಬರಬೇಕು? ಹೀಗಾಗಿ ಹೊಲ ಇದ್ದವರಿಗೇ ಹಣ ಸೇರಿ, ಕಳೆ ಕಿತ್ತವಳು ಹೊರಗುಳಿಯುತ್ತಾಳೆ. ನಾವು ಪಹಣಿಯ ಜಾಗಕ್ಕೆ ಸಂಘದ ನಡವಳಿ ಪುಸ್ತಕದ ನಕಲು ಹಚ್ಚಿ ಕೊಡತೊಡಗಿದೆವು. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ.

ಬಿಲ್ಲಿನದು ಇನ್ನೊಂದು ಕಥೆ. ಕೊಳ್ಳೇಗಾಲದ ಮಂಡಿಯಲ್ಲಿ ಕೊಂಡರೆ ಅಚ್ಚು ಹಾಕಿದ ರಸೀದಿ ಸಿಗುತ್ತದೆ. ಪಕ್ಕದ ಮನೆಯವಳ ಕಣದಲ್ಲಿ ಅಳೆಸಿಕೊಂಡರೆ ಹೆಬ್ಬೆಟ್ಟು ಮಾತ್ರ. ರಸೀದಿಯ ಹಟ ಹಿಡಿದರೆ ಊರಿಗೆಂದು ಬಂದ ಹಣ ಪೇಟೆಗೆ ಹೋಗುತ್ತದೆ. ಕೈಬರಹದ ವೋಚರಿಗೆ ಇಬ್ಬರು ಸಾಕ್ಷಿ ಸಹಿ ಸಾಕೆಂದು ಹಣ ತೆಗೆದುಕೊಳ್ಳುವ ಮುಂಚೆಯೇ ಒಪ್ಪಿಸಿಕೊಳ್ಳಬೇಕು, ಆಮೇಲೆ ಅಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವಾದರೆ ಕೇಳಲೇಬೇಕಾದ ಮಾತೊಂದಿದೆ. ಕಂಪನಿ ಕಾಯ್ದೆಗೆ 2021ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಅವರ ಮಂಡಳಿ ಕೆಲಸವನ್ನು 'ಮುಂದುವರಿಯುವ ಯೋಜನೆ' ಎಂದು ಗುರುತಿಸಿದರೆ, ಮಾರ್ಚಿ 31ಕ್ಕೆ ಉಳಿದ ಹಣವನ್ನು ಬೇರೆ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬಹುದು. ಇದನ್ನು ನಮಗೆ ಯಾರೂ ತಾವಾಗಿ ಹೇಳಿರಲಿಲ್ಲ. ಗೊತ್ತಾದ ಮೇಲೆ ಅರ್ಜಿಯ ಮೊದಲ ಪುಟದಲ್ಲೇ ಬರೆಯುತ್ತೇವೆ.

ಈಗ ಹನೂರು ಕಡೆಯ ಸಂಘದವರು ಸಾಮೆ ಸಿಪ್ಪೆ ಬಿಡಿಸುವ ಯಂತ್ರ ಕೇಳುತ್ತಿದ್ದಾರೆ. ರಾಗಿಯನ್ನು ಬೀಸಿದರಾಯಿತು, ಸಾಮೆ ಹಾಗಲ್ಲ. ಒನಕೆ ಹಿಡಿದು ರಟ್ಟೆ ಸೋತದ್ದಕ್ಕೇ ಎಷ್ಟೋ ಮನೆಗಳವರು ಅದನ್ನು ಬಿಟ್ಟರು. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಂಸ್ಕರಣೆ ಮಾಡುವ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಆರಂಭದ ಬಂಡವಾಳವಿದೆ, ಒಕ್ಕೂಟದ ಮೂಲಕ, ಸಾಲವಾಗಿ. ಯಂತ್ರಕ್ಕೆ ಹಣ ಹುಟ್ಟೀತು. ಕರೆಂಟು ಬಿಲ್ಲಿಗೆ, ಬೆಲ್ಟು ಹರಿದರೆ ಹೊಸದಕ್ಕೆ, ಓಡಿಸುವವಳ ಕೂಲಿಗೆ ಕೊಡುವವರು ಸಿಗುವುದಿಲ್ಲ. ಕಿಲೋಗೆ ಎಷ್ಟು ವಸೂಲಿ ಮಾಡಬೇಕು, ಅದರಲ್ಲಿ ರಿಪೇರಿಗೆಂದು ಎಷ್ಟು ತೆಗೆದಿಡಬೇಕು ಎಂಬುದು ತೀರ್ಮಾನವಾಗುವತನಕ ಅರ್ಜಿಗೆ ಸಹಿ ಹಾಕುವುದು ಬೇಡ ಎಂದಿದ್ದೇನೆ. ಇನ್ನೂ ಜಗಳ ನಡೆದಿದೆ.