ಅಮ್ಮನನ್ನು ಮಣ್ಣಿಗೆ ಒಪ್ಪಿಸಿ ಬಂದವನಿಗೆ

ತಮ್ಮಾ, ನಿನ್ನೆ ಸಮಾಧಿಯ ಹತ್ತಿರ ನೀನು ಹಲ್ಲುಕಚ್ಚಿ ನಿಂತದ್ದು ಕಂಡೆ. ನಿನಗೆ ಅಮ್ಮ, ನನಗೆ ಅಕ್ಕ. ನಿನ್ನ ಅತ್ತೆ ತೀರಿಕೊಂಡಾಗ ನಾನೂ ಹಾಗೇ ನಿಂತಿದ್ದೆ. ಅದಕ್ಕೇ ಇಷ್ಟು ಹೇಳುತ್ತೇನೆ.

• ಅಳು. ಲಾಜರನು ಸತ್ತು ನಾಲ್ಕು ದಿನವಾದ ಮೇಲೆ ಬೇಥಾನ್ಯಕ್ಕೆ ಬಂದ ಯೇಸುಸ್ವಾಮಿಗೆ, ಇನ್ನು ಸ್ವಲ್ಪ ಹೊತ್ತಿಗೆ ಅವನು ಎದ್ದು ಬರುತ್ತಾನೆಂದು ಗೊತ್ತಿತ್ತು. ಆದರೂ ಅತ್ತರು. ಪುನರುತ್ಥಾನವನ್ನು ನಂಬುವವರು ಅಳಬಾರದು ಎಂದು ಯಾರಾದರೂ ಅಂದರೆ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ ತೆರೆದು ಅವರ ಕೈಗೆ ಕೊಡು.

• "ದೇವರ ಚಿತ್ತ" ಎಂದು ಬಂದವರೆಲ್ಲ ಹೇಳುತ್ತಾರೆ. ಚುಚ್ಚಿದರೂ ಮುನಿಯಬೇಡ, ಬೇರೆ ಮಾತು ತೋಚದೆ ಆಡುವ ಮಾತು ಅದು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಮಾತಿಗಿಳಿದ ಮೇಲೆಯೇ ಅವನನ್ನು ನೋಯಿಸಿದ್ದು. ಸುಮ್ಮನೆ ಕೂರಬೇಕೆನಿಸಿದರೆ ನನ್ನ ಜಗಲಿಗೆ ಬಾ, ಎಷ್ಟು ಹೊತ್ತಿಗಾದರೂ.

• ಪ್ರಾರ್ಥನೆ ಬಾಯಿಗೆ ಬಾರದಿದ್ದರೆ 88ನೆಯ ಕೀರ್ತನೆ ಓದು. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು, ಕೊನೆಯಲ್ಲೂ ಸ್ತೋತ್ರವಿಲ್ಲ. ನಿನ್ನ ಅತ್ತೆ ಹೋದ ವರ್ಷ ಎಷ್ಟೋ ರಾತ್ರಿ ನಾನು ಓದಿದ್ದು ಅದೊಂದೇ. ದೇವರ ಮೇಲೆ ಸಿಟ್ಟಿದ್ದರೆ ದೇವರಿಗೇ ಹೇಳು.

• ಹೊತ್ತಿಗೆ ಸರಿಯಾಗಿ ಉಣ್ಣು.

• ಮರಣದ ನೋಂದಣಿ 21 ದಿನದೊಳಗೆ ಆಗಬೇಕು. ಪ್ರಮಾಣಪತ್ರದ ಏಳೆಂಟು ಪ್ರತಿ ತೆಗೆದಿಡು. ಬ್ಯಾಂಕು, ಪಿಂಚಣಿ, ಖಾತೆ ಬದಲಾವಣೆ, ಎಲ್ಲ ಕಡೆ ಕೇಳುತ್ತಾರೆ. ಈ ಓಡಾಟವನ್ನು ತಂಗಿಯ ಮೇಲೆ ಹಾಕಬೇಡ.

• ಭಾನುವಾರ ಆರಾಧನೆಗೆ ಬಾ. ಗಂಟಲು ಕಟ್ಟಿದರೆ ಹಾಡಬೇಡ, ನಿನ್ನ ಪಾಲಿನದನ್ನೂ ಸಭೆ ಹಾಡುತ್ತದೆ. ಅಮ್ಮ ಕೂರುತ್ತಿದ್ದ ಬೆಂಚಿನಲ್ಲಿ ಕೂರಲಾಗದಿದ್ದರೆ ಹಿಂದೆ ನನ್ನ ಪಕ್ಕಕ್ಕೆ ಬಾ.

• ಕ್ರಿಸ್‌ಮಸ್ಸಿಗೆ ಕರಜಿಕಾಯಿ ಮಾಡುವ ಮನಸ್ಸಾಗದಿದ್ದರೆ ಬಿಡಿ. ಮಾಡಿದರೆ ಅವಳು ಕೊಡುತ್ತಿದ್ದ ಮನೆಗಳಿಗೆಲ್ಲ ಕೊಟ್ಟು ಬನ್ನಿ.

• ಅವಳ ಬೀರು ಈಗಲೇ ಖಾಲಿ ಮಾಡಬೇಡ. ನಿನ್ನ ಅತ್ತೆಯ ಸೀರೆಗಳನ್ನೆಲ್ಲ ನಾನು ನಲವತ್ತನೆಯ ದಿನವೇ ಹಂಚಿಬಿಟ್ಟೆ. ಒಂದಾದರೂ ಇಟ್ಟುಕೊಳ್ಳಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಅಕ್ಕನ ಬೈಬಲ್ಲನ್ನಂತೂ ಯಾರು ಕೇಳಿದರೂ ಕೊಡಬೇಡ.

• ಸಮಾಧಿಗೆ ಕಲ್ಲು ಹಾಕಿಸುವ ಅವಸರ ಬೇಡ. ಒಂದು ಮಳೆಗಾಲ ಕಳೆದು ಮಣ್ಣು ಕೂರಲಿ. ಕಲ್ಲಿನ ಮೇಲೆ ಯಾವ ವಚನ ಬರೆಸುವುದೆಂದು ಆಗ ಇಬ್ಬರೂ ಕೂತು ನೋಡೋಣ. ಅವಳ ಬೈಬಲ್ಲಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ ಸಾಲುಗಳು ಬಹಳ ಇವೆ.